ದುರ್ಗದ ಬತೇರಿಯಿಂದ ಮಂಗಳ ಗ್ರಹಕ್ಕೆ: ಹಳೆಯ ಕಾದಂಬರಿ, ಹಳೆಯ ವಿಜ್ಞಾನ ಕಥೆ ಓದಲು ಒಂದು ದಾರಿ

ನಮ್ಮಣ್ಣನ ಮಗ ಹೋದ ವರ್ಷ ಒಂದು ಪಟ್ಟಿ ಹಿಡಿದುಕೊಂಡು ಬಂದಿದ್ದ. ಸಾಯುವುದರೊಳಗೆ ಓದಲೇಬೇಕಾದ ನೂರು ಪುಸ್ತಕ. ಮೊದಲನೆಯದರಲ್ಲಿ ನಲವತ್ತು ಪುಟ ಓದಿದ. ಎರಡನೆಯದರಲ್ಲಿ ಹನ್ನೆರಡು. ಮೂರನೆಯದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. "ಚಿಕ್ಕಪ್ಪ, ಓದೋದು ನನ್ನ ಹಣೇಲಿ ಬರ್ದಿಲ್ಲ ಬಿಡಿ" ಅಂದ.

ದಾವಣಗೆರೆಯಲ್ಲಿ ಇಂಥ ಮಾತುಕತೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾದ ತಟ್ಟೆ ಮುಂದೆ ನಡೆಯುತ್ತದೆ. ನಾನು ಹೇಳಿದ್ದು ಇಷ್ಟೇ. ತಪ್ಪು ನಿನ್ನದಲ್ಲ, ಪಟ್ಟಿಯದು. ಅದನ್ನು ಮಾಡಿದವರು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ನಿಂತು ಮಾಡಿದ್ದಾರೆ. ಅವರ ಮೊದಲ ಮೆಟ್ಟಿಲು ನಿನಗೆ ಹತ್ತನೇ ಮೆಟ್ಟಿಲು. ನೀನು ನಿಂತ ನೆಲದಿಂದ ಹತ್ತಲು ಶುರು ಮಾಡು.

ಆಮೇಲೆ ಅವನಿಗೆ ಒಂದೊಂದೇ ಹೆಜ್ಜೆ ಬರೆದುಕೊಟ್ಟೆ. ಅದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆದಿದ್ದೇನೆ. ನಾನು ಸಾಹಿತ್ಯದ ಮೇಷ್ಟ್ರಲ್ಲ. ಮಿಲ್ ಕಾರ್ಮಿಕನ ಮಗ, ಓದುವ ಚಟ ಇರುವವನು, ಅಷ್ಟೇ.

ಹೆಜ್ಜೆ 1: ಕಾಲಿಗೆ ಸಿಗುವ ಕಥೆಯಿಂದ ಶುರು ಮಾಡಿ

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಕನ್ನಡದಲ್ಲಿ ಒಂದು ಊರಿನ ಕಲ್ಲುಕಲ್ಲಿಗೂ ಕಥೆ ಕಟ್ಟಿದ ಕಾದಂಬರಿಕಾರ ಅಂದರೆ ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಹೆಸರಿನ ಮೊದಲಕ್ಷರ ಬಂದದ್ದು ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು 'ನಮ್ಮವರು' ಅಂತ ಜಗಳ ಆಡಬಹುದು.

ಮೊದಲು 'ಹಂಸಗೀತೆ' ಓದಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅವನ ಹಾಡನ್ನು ದೊರೆಯೊಬ್ಬ ಕೇಳಬೇಕು ಅಂತಾನೆ. ದೊರೆ ಟಿಪ್ಪು. ಹಾಡುವವನು ಏನು ಮಾಡಿದ ಅನ್ನುವುದನ್ನು ನಾನು ಹೇಳುವುದಿಲ್ಲ. ಇದೇ ಕಥೆಯಿಂದ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಬಂತು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಸಿನಿಮಾ ಮಾಡಿದರು. ಎರಡನ್ನೂ ಪುಸ್ತಕ ಮುಗಿದ ಮೇಲೆ ನೋಡಿ.

ಇದನ್ನೇ ಮೊದಲು ಯಾಕೆ ಅಂತೀರಾ? ಪುಸ್ತಕ ಸಣ್ಣದು. ಭಾಷೆ ಸಲೀಸು. ಎಲ್ಲಕ್ಕಿಂತ ಮುಖ್ಯವಾಗಿ ಕಥೆ ನಡೆದ ಜಾಗಕ್ಕೆ ಬಸ್ಸಿದೆ. ಅರ್ಧ ಮನೆಯಲ್ಲಿ ಓದಿ, ಇನ್ನರ್ಧವನ್ನು ಕೋಟೆಯಲ್ಲಿ ಓದಿ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಬಂಡೆ ಕಾಯುತ್ತದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ನೆರಳು ಹುಡುಕಿಕೊಂಡು ಕೂತರೆ ಒಂದು ಅಧ್ಯಾಯಕ್ಕೆ ಮೋಸವಿಲ್ಲ. ಕಾದಂಬರಿ ಓದುವಾಗ ಜಾಗ ಕಣ್ಣಿಗೆ ಕಟ್ಟುವುದು ಹೇಗೆ ಅನ್ನುವುದನ್ನು ಮನಸ್ಸು ಇಲ್ಲಿ ಒಮ್ಮೆ ಕಲಿತರೆ, ಆಮೇಲೆ ನೋಡದ ಊರನ್ನೂ, ನೋಡಲಾಗದ ಗ್ರಹವನ್ನೂ ಅದೇ ಕಟ್ಟಿಕೊಳ್ಳುತ್ತದೆ.

ಹಿಡಿಸಿದರೆ ಮುಂದೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'. ಇದೇ ಕ್ರಮದಲ್ಲಿ ಓದಬೇಕು, ಒಂದೇ ಕಥೆಯ ಮೂರು ತುಂಡು. 'ದುರ್ಗಾಸ್ತಮಾನ'ಕ್ಕೆ ಈಗಲೇ ಕೈ ಹಾಕಬೇಡಿ. ಅದು ದಪ್ಪ ಪುಸ್ತಕ. ಅದಕ್ಕೆ ಬೇರೆ ಹೊತ್ತಿದೆ, ಆಮೇಲೆ ಹೇಳುತ್ತೇನೆ.

'ನಾಗರಹಾವು' ಸಿನಿಮಾ ನೋಡಿ ಬೆಳೆದವರಿಗೆ ಒಂದು ಮಾತು. 1972ರ ಆ ಸಿನಿಮಾ ಒಂದು ಕಾದಂಬರಿಯದಲ್ಲ, ಮೂರರದು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಪುಸ್ತಕದ ರಾಮಾಚಾರಿಯನ್ನು ಹುಡುಕುವಾಗ ವಿಷ್ಣುವರ್ಧನ್ ಮುಖವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕಷ್ಟ, ಗೊತ್ತು.

ಹೆಜ್ಜೆ 2: ಕೋಟೆಯಿಂದ ಜಲಾಂತರ್ಗಾಮಿಗೆ ಇಳಿಯಿರಿ

ಈಗ ದೊಡ್ಡ ಜಿಗಿತ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ. ಹೈದರನ ಮಗ ಟಿಪ್ಪು. ಟಿಪ್ಪುವಿನ ಸೋದರ ಸಂಬಂಧದ ಮಗನೊಬ್ಬ ಸಮುದ್ರದಡಿ ಹಡಗು ಕಟ್ಟಿಕೊಂಡು ಇಂಗ್ಲಿಷರ ಮೇಲಿನ ಸಿಟ್ಟಿನಲ್ಲಿ ಜಗತ್ತೆಲ್ಲ ಸುತ್ತಿದ. ಅವನ ಹೆಸರು ಕ್ಯಾಪ್ಟನ್ ನೆಮೋ.

ತಮಾಷೆ ಮಾಡುತ್ತಿಲ್ಲ. ಫ್ರಾನ್ಸಿನ ಜೂಲ್ಸ್ ವೆರ್ನ್ 1870ರಲ್ಲಿ ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗ್ (ದೂರದ ಹಳೆಯ ಅಳತೆ) ಪಯಣದ ಕಾದಂಬರಿ ಬರೆದಾಗ ನೆಮೋ ಯಾವ ದೇಶದವನು ಅಂತ ಗುಟ್ಟಾಗಿಟ್ಟ. ಅವನನ್ನು ರಷ್ಯಾದ ಮೇಲೆ ಹಗೆಯಿರುವ ಪೋಲೆಂಡಿನವನನ್ನಾಗಿ ಮಾಡಬೇಕು ಅಂತ ವೆರ್ನ್ ಆಸೆ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ಪುಸ್ತಕ ಮಾರಬೇಕಲ್ಲ! ಆಮೇಲೆ 1875ಕ್ಕೆ ಮುಗಿದ 'ದಿ ಮಿಸ್ಟೀರಿಯಸ್ ಐಲೆಂಡ್'ನಲ್ಲಿ ಗುಟ್ಟು ಒಡೆಯಿತು. ನೆಮೋ ಅಂದರೆ ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್. 1857ರ ದಂಗೆಯಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಅವನನ್ನು ಟಿಪ್ಪುವಿನ ಸಂಬಂಧಿ ಅಂತಲೂ ವೆರ್ನ್ ಬರೆದ. ಬುಂದೇಲ್‌ಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎತ್ತಣ ನೆಂಟಸ್ತಿಕೆ ಅಂತ ಕೇಳಬೇಡಿ. ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಲೂಬೇಡಿ. ಒಂದೂವರೆ ಶತಮಾನ ಹಳೆಯ ಗುಟ್ಟು ಅದು. ಅಲ್ಲದೆ ಅದು ಗೊತ್ತಿದ್ದರೆ ಮೊದಲ ಪುಸ್ತಕದ ನೆಮೋ ಇನ್ನೂ ಚೆನ್ನಾಗಿ ಅರ್ಥವಾಗುತ್ತಾನೆ.

ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಆನ್‌ಲೈನ್ ಅಂಗಡಿಯೊಂದರಲ್ಲಿ ಕಡಿಮೆ ರೇಟಿಗೆ ಸಿಕ್ಕಿತು ಅಂತ ವೆರ್ನ್ ಪುಸ್ತಕ ತರಿಸಿದೆ. ಅಕ್ಷರ ಸಾಸಿವೆ ಕಾಳಿನಷ್ಟು. ಅನುವಾದಕರ ಹೆಸರೇ ಇಲ್ಲ. ಓದುತ್ತಾ ಹೋದರೆ ವಾಕ್ಯಗಳು ಎಲ್ಲೆಲ್ಲೋ ತುಂಡಾಗುತ್ತವೆ. ಆಮೇಲೆ ತಿಳಿಯಿತು, ವೆರ್ನ್ ಅವರ ಹಳೆಯ ಇಂಗ್ಲಿಷ್ ಅನುವಾದಗಳು ಹಲವು ಹೀಗೇ. ಕೊಳ್ಳುವ ಮುಂಚೆ ಮೂರು ಪರೀಕ್ಷೆ ಮಾಡಿ.

ಇಪ್ಪತ್ತು ಸಾವಿರ ಲೀಗ್ ಪುಸ್ತಕದ ಎರಡನೇ ಅಧ್ಯಾಯದ ಶುರು ನೋಡಿ. ಕಥೆ ಹೇಳುವ ಪ್ರೊಫೆಸರ್ ಅಮೆರಿಕದ ನೆಬ್ರಾಸ್ಕಾದ 'ಬ್ಯಾಡ್‌ಲ್ಯಾಂಡ್ಸ್'ನಿಂದ ಬಂದೆ ಅಂತಾನೆ. ಅದು ಜಾಗದ ಹೆಸರು. ಮರ್ಸಿಯರ್ ಎಂಬ ಪಾದ್ರಿಯ ಅನುವಾದದಲ್ಲಿ ಅದು 'ನೆಬ್ರಾಸ್ಕಾದ ಅಹಿತಕರ ಪ್ರದೇಶ' ಆಗಿದೆ. ಹೊಸದುರ್ಗಕ್ಕೆ ಹೋಗಿ ಬಂದೆ ಅಂದರೆ 'ಹೊಸದಾಗಿ ಕಟ್ಟಿದ ಕೋಟೆಗೆ ಹೋಗಿ ಬಂದೆ' ಅಂತ ಬರೆದ ಹಾಗೆ. ಅದೇ ಅನುವಾದ ಮೂಲದ ಐದರಲ್ಲಿ ಒಂದು ಪಾಲನ್ನು ಕತ್ತರಿಸಿ ಎಸೆದಿದೆ. ಅದರ ಬದಲು ಎಫ್.ಪಿ. ವಾಲ್ಟರ್ ಅನುವಾದ ಹುಡುಕಿ, ಬಿಟ್ಟಿ ಸಿಗುತ್ತದೆ.

ಭೂಮಿಯ ಒಡಲಿಗೆ ಇಳಿಯುವ ಕಥೆಯಲ್ಲಿ ಪ್ರೊಫೆಸರ್ ಹೆಸರು ಲಿಡೆನ್‌ಬ್ರಾಕ್ ಅಂತಿರಬೇಕು. ಹಾರ್ಡ್‌ವಿಗ್ ಅಂತಿದ್ದರೆ ವಾಪಸ್ ಇಡಿ. 'ಮಿಸ್ಟೀರಿಯಸ್ ಐಲೆಂಡ್'ನಲ್ಲಿ ಇಂಜಿನಿಯರ್ ಹೆಸರು ಸೈರಸ್ ಸ್ಮಿತ್. ಹಾರ್ಡಿಂಗ್ ಅಂತಿದ್ದರೆ ಅದು ಕಿಂಗ್‌ಸ್ಟನ್ ಹೆಸರಿನ ಅನುವಾದ. ಅದರಲ್ಲಿ ಇಂಗ್ಲಿಷರ ಬಗ್ಗೆ ನೆಮೋ ಆಡುವ ಖಾರದ ಮಾತುಗಳನ್ನು ತೊಳೆದು ಸಪ್ಪೆ ಮಾಡಿದ್ದಾರೆ. ನಾವು ಆ ಪುಸ್ತಕ ಎತ್ತಿಕೊಂಡದ್ದೇ ಆ ಖಾರಕ್ಕೆ!

ವೆರ್ನ್ ಓದುವಾಗ ಮೀನಿನ ಹೆಸರುಗಳ ಪಟ್ಟಿ ಬಂದರೆ ಹಾರಿಸಿ. ಪಾಪ ಏನೂ ಬರುವುದಿಲ್ಲ.

ಹೆಜ್ಜೆ 3: ಒಂದೇ ಕೂತಿನಲ್ಲಿ ಮುಗಿಯುವ ಕಥೆಗಳು

ಹಳೆಯ ವಿಜ್ಞಾನ ಕಥೆಗಳ ಜೀವ ಇರುವುದು ಸಣ್ಣ ಕಥೆಯಲ್ಲಿ. 1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಅನ್ನುವ ಮಾಸಪತ್ರಿಕೆ ಶುರು ಮಾಡಿದ. ಬರೀ ವಿಜ್ಞಾನ ಕಥೆಗಳಿಗೆ ಅಂತಲೇ ಹುಟ್ಟಿದ ಪತ್ರಿಕೆ. ಆಮೇಲೆ ಮೂರು ನಾಲ್ಕು ದಶಕ ಇಂಥ ಪತ್ರಿಕೆಗಳಲ್ಲೇ ಈ ಬರಹ ಬೆಳೆಯಿತು. ಹಾಗಾಗಿ ಕಾದಂಬರಿಗೆ ಮುಂಚೆ ಕಥೆ ಓದಿ. ವಾರಕ್ಕೆ ಒಂದು ಸಾಕು.

ಮೊದಲ ವಾರ ಐಸಾಕ್ ಅಸಿಮೋವ್ 1941ರಲ್ಲಿ ಬರೆದ 'ನೈಟ್‌ಫಾಲ್'. ಆರು ಸೂರ್ಯರಿರುವ ಗ್ರಹ. ಅಲ್ಲಿ ರಾತ್ರಿ ಅನ್ನುವುದೇ ಇಲ್ಲ. 2,049 ವರ್ಷಕ್ಕೊಮ್ಮೆ ಮಾತ್ರ ಕತ್ತಲಾಗುತ್ತದೆ. ಆ ಕತ್ತಲು ಬರುವ ದಿನದ ಕಥೆ ಇದು. ನನಗೆ ಇದನ್ನು ಓದಿದಾಗಲೆಲ್ಲ 1980ರ ಫೆಬ್ರವರಿ 16 ನೆನಪಾಗುತ್ತದೆ. ಅವತ್ತು ಪೂರ್ಣ ಸೂರ್ಯಗ್ರಹಣ ಕರ್ನಾಟಕವನ್ನು ದಾಟಿ ಹೋಯಿತು. ನಮ್ಮೂರಲ್ಲಿ ಪೂರ್ತಿ ಕತ್ತಲಾಗಲಿಲ್ಲ. ಆದರೂ ನಮ್ಮವ್ವ ಕಿಟಕಿ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದಳು. ಬೀದಿಯಲ್ಲಿ ಒಂದು ಸೈಕಲ್ ಕೂಡ ಇರಲಿಲ್ಲ. ಆ ಬೀದಿ ನೋಡಿದವರಿಗೆ ಅಸಿಮೋವ್ ಹೇಳುವ ಭಯವನ್ನು ವಿವರಿಸಬೇಕಾಗಿಲ್ಲ.

ಎರಡನೇ ವಾರ ರೇ ಬ್ರಾಡ್‌ಬರಿಯ 'ಆಲ್ ಸಮ್ಮರ್ ಇನ್ ಎ ಡೇ', 1954ರದು. ಐದಾರು ಪುಟ. ಶುಕ್ರ ಗ್ರಹದಲ್ಲಿ ಯಾವಾಗಲೂ ಮಳೆ. ಏಳು ವರ್ಷಕ್ಕೊಮ್ಮೆ ಎರಡು ಗಂಟೆ ಬಿಸಿಲು. ಶಾಲೆಯ ಮಕ್ಕಳು ಆ ಬಿಸಿಲಿಗೆ ಕಾಯುತ್ತಾರೆ. ಮಳೆಗೆ ಆಕಾಶ ನೋಡಿ ನೋಡಿ ಕುತ್ತಿಗೆ ನೋವು ಬರಿಸಿಕೊಂಡ ನಮ್ಮ ಬಯಲುಸೀಮೆಯವರಿಗೆ ಇದು ಉಲ್ಟಾ ಕನ್ನಡಿ. ಕಥೆಯ ಕೊನೆ ಮಾತ್ರ ಎಲ್ಲ ಶಾಲೆಗಳಲ್ಲೂ ನಡೆಯುವಂಥದ್ದು.

ಮೂರನೇ ವಾರ ಇ.ಎಂ. ಫಾಸ್ಟರ್ 1909ರಲ್ಲಿ ಬರೆದ 'ದಿ ಮಷೀನ್ ಸ್ಟಾಪ್ಸ್'. ಇದು ಸ್ವಲ್ಪ ಉದ್ದ, ಎರಡು ಸಂಜೆ ಬೇಕು. ಮನುಷ್ಯರೆಲ್ಲ ನೆಲದಡಿ ಜೇನುಗೂಡಿನ ಕೋಣೆಯಂಥ ಒಂಟಿ ಕೋಣೆಗಳಲ್ಲಿದ್ದಾರೆ. ಊಟ, ಗಾಳಿ, ಹಾಡು ಎಲ್ಲ ಗುಂಡಿ ಒತ್ತಿದರೆ ಬರುತ್ತದೆ. ತಾಯಿ ಮಗ ಮಾತಾಡುವುದು ಒಂದು ದುಂಡನೆಯ ತಟ್ಟೆಯಲ್ಲಿ ಮುಖ ನೋಡಿಕೊಂಡು. ಮಗ ಹೇಳುತ್ತಾನೆ, ನಿನ್ನನ್ನು ಯಂತ್ರದ ಮೂಲಕ ಅಲ್ಲ, ಎದುರಿಗೇ ನೋಡಬೇಕು. ಟೆಲಿವಿಷನ್ ಕೂಡ ಇಲ್ಲದ ಕಾಲದಲ್ಲಿ ಬರೆದದ್ದು. ಲಾಕ್‌ಡೌನ್ ಹೊತ್ತಲ್ಲಿ ವಿಡಿಯೋ ಕಾಲ್‌ನಲ್ಲೇ ಮದುವೆ ನೋಡಿ, ತಿಥಿಯನ್ನೂ ನೋಡಿದವರು ನಾವು. ಈ ಎಲ್ಲ ಕಥೆಗಳಲ್ಲಿ ಒಂದೇ ಓದುತ್ತೇನೆ ಅಂದರೆ ಇದನ್ನೇ ಓದಿ ಅಂತೀನಿ.

ನಾಲ್ಕನೇ ವಾರಕ್ಕೆ ನಮ್ಮ ದೇಶದ ಎರಡು. ವಿಜ್ಞಾನಿ ಜಗದೀಶಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ಕೂದಲಿಗೆ ಹಚ್ಚುವ ಎಣ್ಣೆಯ ಕಂಪನಿ ನಡೆಸಿದ ಸ್ಪರ್ಧೆಗೆ! ಒಂದು ಬಾಟಲಿ ತಲೆಎಣ್ಣೆ ಸಮುದ್ರಕ್ಕೆ ಸುರಿದರೆ ಚಂಡಮಾರುತ ತಣ್ಣಗಾಗುತ್ತದೆ. ನಗುತ್ತಾ ಓದಿ. ಇನ್ನೊಂದು ರೊಕೆಯಾ ಹುಸೇನ್ 1905ರಲ್ಲಿ ಮದ್ರಾಸಿನ ಒಂದು ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್'. ಅಲ್ಲಿ ಗಂಡಸರು ಪರದೆಯ ಒಳಗೆ, ಹೆಂಗಸರು ಆಡಳಿತದಲ್ಲಿ. ಬಿಸಿಲಿನ ಶಾಖದಿಂದ ಅಡುಗೆ. ಬಲೂನಿಗೆ ಕೊಳವೆ ಕಟ್ಟಿ ಮೋಡದಿಂದ ನೇರ ನೀರು. ಇದನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿದ ದಿನ ಮನೆಯಾಕೆ ಎರಡು ಸಲ ಓದಿಸಿದಳು.

ಇಷ್ಟರ ಮೇಲೆ ರುಚಿ ಹತ್ತಿದರೆ ಆರ್ಥರ್ ಸಿ. ಕ್ಲಾರ್ಕ್ ಅವರ 'ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್'. ಟಿಬೆಟ್ಟಿನ ಸನ್ಯಾಸಿಗಳು ದೇವರ ಹೆಸರುಗಳನ್ನೆಲ್ಲ ಬರೆಯಲು ಕಂಪ್ಯೂಟರ್ ತರಿಸುತ್ತಾರೆ. ಕೊನೆಯ ಸಾಲನ್ನು ಮೊದಲೇ ನೋಡಬೇಡಿ, ದಯವಿಟ್ಟು.

ಹೆಜ್ಜೆ 4: ವಿಜ್ಞಾನ ತಪ್ಪಾಗಿದ್ದರೆ ಏನು ಮಾಡಬೇಕು?

ನಮ್ಮ ಹುಡುಗ ಇಂಜಿನಿಯರಿಂಗ್ ಓದುತ್ತಾನೆ. ಬ್ರಾಡ್‌ಬರಿ ಕಥೆ ಓದಿ ಮೊದಲು ಹೇಳಿದ್ದೇ, "ಶುಕ್ರದಲ್ಲಿ ಮಳೆ ಎಲ್ಲಿ ಬರುತ್ತೆ ಚಿಕ್ಕಪ್ಪ? ಸೀಸ ಕರಗೋಷ್ಟು ಬಿಸಿ ಅಲ್ಲಿ."

ಸರಿ. 1970ರಲ್ಲಿ ಸೋವಿಯತ್ ನೌಕೆ ವೆನೆರಾ 7 ಶುಕ್ರದ ಮೇಲಿಳಿದು ಆ ಬಿಸಿಯನ್ನು ಅಳೆಯಿತು. ಕಥೆ ಬಂದದ್ದು ಅದಕ್ಕೂ 16 ವರ್ಷ ಮುಂಚೆ. ಮೋಡದ ಕೆಳಗೆ ಏನಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮಂಗಳದಲ್ಲಿ ಕಾಲುವೆಗಳಿವೆ ಅಂತ ನಂಬಿ ಬರೆದ ಹಳೆಯ ಕಥೆಗಳದೂ ಅಷ್ಟೇ. 1965ರಲ್ಲಿ ಮ್ಯಾರಿನರ್ 4 ಕಳಿಸಿದ ಫೋಟೋಗಳಲ್ಲಿ ಕಂಡದ್ದು ಕಾಲುವೆಯಲ್ಲ, ಬರೀ ಗುಂಡಿ.

ಹಾಗಾಗಿ ಹಳೆಯ ವಿಜ್ಞಾನ ಕಥೆಗೆ ಪರೀಕ್ಷೆ ಪೇಪರ್ ತಿದ್ದುವ ಹಾಗೆ ಮಾರ್ಕ್ಸ್ ಹಾಕಬೇಡಿ. ಕಥೆ ಶುರು ಮಾಡುವ ಮುಂಚೆ ಅದು ಬಂದ ವರ್ಷವನ್ನು ಪುಟದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ವರ್ಷದ ಜನ ಯಾವುದಕ್ಕೆ ಹೆದರಿದ್ದರು? 1950ರ ಕಥೆಯಾದರೆ ಹೆಚ್ಚಾಗಿ ಅಣುಬಾಂಬ್. 1920ರ ಕಾರೆಲ್ ಚಾಪೆಕ್ ನಾಟಕವಾದರೆ ಕಾರ್ಖಾನೆ. 'ರೋಬಾಟ್' ಅನ್ನುವ ಮಾತು ಬಂದದ್ದೇ ಆ ನಾಟಕದಿಂದ, ಬಿಟ್ಟಿ ಚಾಕರಿ ಅನ್ನುವ ಅರ್ಥದ ಚೆಕ್ ಪದದಿಂದ. ಭಯ ಹಳತಾಗುವುದಿಲ್ಲ, ಯಂತ್ರ ಮಾತ್ರ ಹಳತಾಗುತ್ತದೆ.

ಇನ್ನೊಂದು ಕಡೆ, ಕಥೆಯ ಹಾಗೆ ಕಾಣುವುದು ನಮ್ಮ ಪಕ್ಕದಲ್ಲೇ ನಡೆಯುತ್ತಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ಹತ್ತಿರ ಒಂದು ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯಿರುವ ನೌಕೆಯೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈ ಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಅದು ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಇಸ್ರೋದ ಮರುಬಳಕೆಯ ನೌಕೆ ಅದು. 2024ರಲ್ಲಿ ಇನ್ನೂ ಎರಡು ಸಲ ಇಳಿಸಿದರು, ಅದಕ್ಕೆ 'ಪುಷ್ಪಕ್' ಅಂತ ಹೆಸರು. ಕುರಿ ಮೇಯುತ್ತಿದ್ದ ಕಾವಲಿನ, ಅಂದರೆ ಹುಲ್ಲುಗಾವಲಿನ, ಪಕ್ಕದಲ್ಲಿ ಪುಷ್ಪಕ ಇಳಿಯುತ್ತದೆ. ಅದನ್ನು ಯಾರಾದರೂ ಕಥೆ ಮಾಡಿದ್ದರೆ ನಮ್ಮ ಹುಡುಗ ನಂಬುತ್ತಿರಲಿಲ್ಲ. ಇಂಥ ಕೆಲಸಗಳಿಗೆ ಆ ಹುಲ್ಲುಗಾವಲು ಕಳೆದುಕೊಂಡ ಊರುಗಳ ಕಡೆಯಿಂದ ಅದೇ ಕಥೆ ಬರೆದರೆ ಇನ್ನೂ ಬೇರೆಯಾಗಿರುತ್ತದೆ, ಅಲ್ವಾ?

ಹೆಜ್ಜೆ 5: ವೆಲ್ಸ್, ಮಿಲ್ಲಿನ ಸೈರನ್ ಮತ್ತು ಕೋಟೆ

ಈಗ ಕಾದಂಬರಿ. ಎಚ್.ಜಿ. ವೆಲ್ಸ್ ಅವರಿಂದ ಶುರು ಮಾಡಿ. ಅವರ ಒಳ್ಳೆಯ ಪುಸ್ತಕಗಳೆಲ್ಲ ಸಣ್ಣವು.

'ದಿ ಟೈಮ್ ಮಷೀನ್', 1895. ಒಬ್ಬ 8,02,701ನೇ ಇಸವಿಗೆ ಹೋಗುತ್ತಾನೆ. ಮೇಲೆ ಬಿಸಿಲಲ್ಲಿ ಹೂವಿನಂಥ ಸುಕುಮಾರ ಜನ. ಕೆಳಗೆ ಕತ್ತಲಲ್ಲಿ ಯಂತ್ರ ತಿರುಗಿಸುವ ಬಿಳಿಚಿದ ಜೀವಿಗಳು. ಇಬ್ಬರೂ ಒಂದು ಕಾಲಕ್ಕೆ ಮನುಷ್ಯರೇ. ಒಡೆಯರು ಮೇಲಾದರು, ದುಡಿಯುವವರು ಕೆಳಗಾದರು. ವೆಲ್ಸ್ ಅವರ ತಾಯಿ ಅಪ್‌ಪಾರ್ಕ್ ಅನ್ನುವ ದೊಡ್ಡ ಬಂಗಲೆಯಲ್ಲಿ ಕೆಲಸದವರ ಮೇಲ್ವಿಚಾರಣೆಗೆ ಇದ್ದರು. ಅಲ್ಲಿ ಕೆಲಸದವರು ಒಡೆಯರ ಕಣ್ಣಿಗೆ ಬೀಳದೆ ಓಡಾಡಲು ನೆಲದಡಿ ಸುರಂಗಗಳಿದ್ದವು. ಇಷ್ಟು ಗೊತ್ತಿದ್ದರೆ ಕಾದಂಬರಿಯ ಅರ್ಧ ಬೀಗ ತೆಗೆದ ಹಾಗೆ.

ಇನ್ನರ್ಧ ನಮಗೆ ಊರೇ ಕೊಡುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ನಾನು ಕಂಡಿದ್ದೇನೆ. ಮಿಲ್ಲಿನ ಸೈರನ್ನಿಗೆ ಊರು ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಹಗಲೆಲ್ಲ ಕಿಟಕಿ ಮುಚ್ಚಿ ಮಲಗುತ್ತಿದ್ದರು. ಬಿಸಿಲು ಕಂಡರೆ ಕಣ್ಣು ಕಿರಿದು ಮಾಡುತ್ತಿದ್ದರು. ವೆಲ್ಸ್ ಪುಸ್ತಕದಲ್ಲಿ ಬೆಳಕು ತಡೆಯಲಾರದ ಆ ಜೀವಿಗಳನ್ನು ಕಂಡಾಗ ಓದುಗರಿಗೆ ಭಯವಾಗಬೇಕು ಅಂತ ಬರಹಗಾರನ ಎಣಿಕೆ. ನನಗೆ ಆದದ್ದು ಬೇರೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಎರಡನೆಯದು 'ದಿ ವಾರ್ ಆಫ್ ದಿ ವರ್ಲ್ಡ್ಸ್', 1898. ಮಂಗಳದವರು ಬಂದು ಇಂಗ್ಲೆಂಡನ್ನು ಸುಡುತ್ತಾರೆ. ಇದನ್ನು 'ದುರ್ಗಾಸ್ತಮಾನ'ದ ಜೊತೆಗೆ ಓದಿ. ಆ ದಪ್ಪ ಪುಸ್ತಕಕ್ಕೆ ಈಗ ಹೊತ್ತು ಬಂತು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಮರುವರ್ಷ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದಕರಿನಾಯಕನ ಕೊನೆಯ ದಿನಗಳು, ಹೈದರನ ಮುತ್ತಿಗೆ, ಕೋಟೆ ಬೀಳುವುದು. ಎರಡರಲ್ಲೂ ಒಂದೇ ಸಂಕಟ. ಗೋಡೆ ಗಟ್ಟಿ ಇದೆ ಅಂತ ನಂಬಿದ ಊರಿಗೆ ಅದಕ್ಕಿಂತ ದೊಡ್ಡ ಬಲ ಬಂದು ನಿಲ್ಲುತ್ತದೆ. ವೆಲ್ಸ್ ಮೊದಲ ಅಧ್ಯಾಯದಲ್ಲೇ ತನ್ನ ಜನಕ್ಕೆ ಚುಚ್ಚುತ್ತಾರೆ: ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನಾವು ಅಳಿಸಿ ಹಾಕಲಿಲ್ಲವೇ, ಮಂಗಳದವರನ್ನು ದೂರಲು ನಮಗೆ ಬಾಯಿ ಎಲ್ಲಿದೆ ಅಂತ. ಮುತ್ತಿಗೆ ಹಾಕಿದ ಸಾಮ್ರಾಜ್ಯದ ಪ್ರಜೆ ಮುತ್ತಿಗೆಗೆ ಒಳಗಾದವನ ಜಾಗದಲ್ಲಿ ನಿಂತು ಬರೆದದ್ದು ಅದು. ದುರ್ಗದ ಬತೇರಿಯ, ಅಂದರೆ ಕೋಟೆಯ ಬುರುಜಿನ, ಮೇಲೆ ನಿಂತು ನೋಡುವವರಿಗೆ ಆ ಜಾಗ ಹೊಸದಲ್ಲ.

ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಬಗ್ಗೆ ಎರಡೇ ಮಾತು. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಬಂತು. ಬರೆಯಲು ಶುರು ಮಾಡಿದಾಗ ಆಕೆಗೆ 18 ವರ್ಷ. ಮೊದಲಲ್ಲಿ ಬರುವ ಹಡಗಿನ ಕಾಗದಗಳನ್ನು ನೋಡಿ ಪುಸ್ತಕ ಬಿಡಬೇಡಿ, ಅವು ಬೇಗ ಮುಗಿಯುತ್ತವೆ. ಫ್ರಾಂಕನ್‌ಸ್ಟೈನ್ ಅನ್ನುವುದು ಕಥೆಯ ರಾಕ್ಷಸನ ಹೆಸರಲ್ಲ, ಅವನನ್ನು ಕೈಯಾರೆ ಮಾಡಿದ ವಿಜ್ಞಾನಿಯದು. ರಾಕ್ಷಸ ಮಾತಾಡಲು ಶುರು ಮಾಡುವ ಅಧ್ಯಾಯಗಳೇ ಪುಸ್ತಕದ ಪ್ರಾಣ.

ಆರ್ವೆಲ್, ಲೆಮ್, ಲಗ್ವಿನ್ ಮುಂತಾದ ಬರಹಗಾರರು ಆಮೇಲೆ ಬರಲಿ. ಅಸಿಮೋವ್ ಅವರ 'ಫೌಂಡೇಶನ್' ಕಾದಂಬರಿಯನ್ನು ಜನ ಮೊದಲು ಕೊಡುತ್ತಾರೆ. ನಾನು ಕೊಡುವುದಿಲ್ಲ. ಯೋಚನೆ ದೊಡ್ಡದು, ಆದರೆ ಅಲ್ಲಿ ಎಲ್ಲರೂ ಕೂತು ಮಾತಾಡುತ್ತಲೇ ಇರುತ್ತಾರೆ, ಪಂಚಾಯ್ತಿ ಕಟ್ಟೆ ಹಾಗೆ.

ಹೆಜ್ಜೆ 6: ದಪ್ಪ ಪುಸ್ತಕ ಹತ್ತುವ ಬಗೆ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ಕಾರಂತರ 'ಮರಳಿ ಮಣ್ಣಿಗೆ', ರಾವಬಹದ್ದೂರರ 'ಗ್ರಾಮಾಯಣ'. ಇವೆಲ್ಲ ಗುಡ್ಡ ಹತ್ತಿದ ಹಾಗೆ. ದಿನಕ್ಕೆ 20 ಪುಟ ಅಂತಿಟ್ಟುಕೊಳ್ಳಿ. 700 ಪುಟದ ಪುಸ್ತಕ 35 ದಿನಕ್ಕೆ ಮುಗಿಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ 40 ಓದಲು ಹೋಗಬೇಡಿ. ಅಲ್ಲಿಯೇ ಜನ ಸೋಲುವುದು. ಬಿಟ್ಟ ದಿನ ಬಿಟ್ಟಿತು.

'ಮದುಮಗಳು' ಓದುವಾಗ ಒಂದು ಹಾಳೆಯಲ್ಲಿ ಮನೆಗಳ ಹೆಸರು, ಮನೆಯೊಳಗೆ ಯಾರ್ಯಾರು ಅಂತ ಬರೆದುಕೊಳ್ಳಿ. ಅದನ್ನೇ ಬುಕ್‌ಮಾರ್ಕ್ ಮಾಡಿ. ಮೊದಲ ನೂರು ಪುಟ ಹಾಳೆ ನೋಡುತ್ತಾ ಓದುತ್ತೀರಿ, ಆಮೇಲೆ ಅದು ಬೇಕಾಗುವುದಿಲ್ಲ. 'ಗ್ರಾಮಾಯಣ'ದ ಉತ್ತರ ಕರ್ನಾಟಕದ ಮಾತು ಮೈಸೂರಿನವರಿಗೆ ತೊಡಕು. ಹರಿಹರದ ಸೇತುವೆ ದಾಟಿ ಓಡಾಡುವ ನಮಗೆ ಅಷ್ಟು ಕಷ್ಟವಿಲ್ಲ.

ಕಾದಂಬರಿಗೂ ವಿಜ್ಞಾನಕ್ಕೂ ನಡುವೆ ಸೇತುವೆ ಬೇಕಾದರೆ ತೇಜಸ್ವಿಯವರ 'ಕರ್ವಾಲೊ' (1980). ವಿಜ್ಞಾನ ಕಾದಂಬರಿ ಅಂತ ಹಣೆಪಟ್ಟಿ ಹಚ್ಚಿಲ್ಲ. ಆದರೂ ಒಂದು ಹಾರುವ ಓತಿ, ಅದರ ಹಿಂದೆ ಬಿದ್ದ ವಿಜ್ಞಾನಿ, ಊರಿನ ಉಂಡಾಡಿ ಮಂದಣ್ಣ. ಇಂಗ್ಲಿಷಿನ ಎಷ್ಟೋ ಬಾಹ್ಯಾಕಾಶ ಕಾದಂಬರಿಗಳಿಗಿಂತ ವಿಜ್ಞಾನದ ಬೆರಗು ಇದರಲ್ಲಿ ಜಾಸ್ತಿ. ಕನ್ನಡದಲ್ಲಿ ನೇರವಾಗಿ ವಿಜ್ಞಾನ ಕಥೆ ಬೇಕು ಅನ್ನುವವರು ರಾಜಶೇಖರ ಭೂಸನೂರಮಠ, ಮನು ಅವರ ಹೆಸರು ಹಿಡಿದು ಲೈಬ್ರರಿಯಲ್ಲಿ ಕೇಳಿ.

ಇಂಗ್ಲಿಷ್ ತೊಡಕಾಗುವವರಿಗೆ: ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಒಂದೇ ಪದ ಮೂರನೇ ಸಲ ಎದುರಾದರೆ ಮಾತ್ರ ನೋಡಿ. ಮೊದಲ ಎರಡು ಅಧ್ಯಾಯವನ್ನು ಆಡಿಯೋ ಕೇಳುತ್ತಾ ಕಣ್ಣಲ್ಲಿ ಹಿಂಬಾಲಿಸಿ. ಬರಹಗಾರನ ಉಸಿರು ಸಿಕ್ಕಿದ ಮೇಲೆ ಆಡಿಯೋ ನಿಲ್ಲಿಸಿ.

ಹೆಜ್ಜೆ 7: ಪುಸ್ತಕ ಎಲ್ಲಿ ಸಿಗುತ್ತದೆ?

ನಮ್ಮ ದೇಶದಲ್ಲಿ ಬರಹಗಾರ ತೀರಿಕೊಂಡು 60 ವರ್ಷ ಕಳೆದರೆ ಪುಸ್ತಕದ ಕಾಪಿರೈಟ್ ಹಕ್ಕು ಮುಗಿಯುತ್ತದೆ. ವೆರ್ನ್, ಶೆಲ್ಲಿ, ವೆಲ್ಸ್, ರೊಕೆಯಾ, ಬೋಸ್, ಆರ್ವೆಲ್ ಎಲ್ಲರೂ ಆ ಗಡಿ ದಾಟಿದ್ದಾರೆ. ವೆರ್ನ್, ಶೆಲ್ಲಿ, ವೆಲ್ಸ್ ಪುಸ್ತಕಗಳು 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಡಿಜಿಟಲ್ ಲೈಬ್ರರಿಯಲ್ಲಿ ಬಿಟ್ಟಿ. ಆಡಿಯೋ ಲಿಬ್ರಿವಾಕ್ಸ್ ಅನ್ನುವ ಜಾಲತಾಣದಲ್ಲಿ ಬಿಟ್ಟಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ಕೂಡ ಹಕ್ಕು ಮುಗಿದದ್ದೇ. ಆದರೆ ತ.ರಾ.ಸು., ಕುವೆಂಪು, ಕಾರಂತ, ಅಸಿಮೋವ್, ಬ್ರಾಡ್‌ಬರಿ, ಕ್ಲಾರ್ಕ್ ಪುಸ್ತಕಗಳಿಗೆ ಹಕ್ಕಿದೆ. ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ಬೇಡ. ಕೊಳ್ಳಿ, ಇಲ್ಲ ಲೈಬ್ರರಿಗೆ ಹೋಗಿ.

ಲೈಬ್ರರಿಯಲ್ಲಿ ಕಾದಂಬರಿ ಕಪಾಟಿನ ಮುಂದೆ ಮಾತ್ರ ನಿಲ್ಲಬೇಡಿ. ಹಳೆಯ 'ಕಸ್ತೂರಿ' ಸಂಪುಟಗಳಿವೆಯಾ ಕೇಳಿ. 1956ರಿಂದ ಬರುತ್ತಿದ್ದ ಆ ಮಾಸಪತ್ರಿಕೆಯ ಕೊನೆಯಲ್ಲಿ 'ಪುಸ್ತಕ ವಿಭಾಗ' ಇರುತ್ತಿತ್ತು. ಇಡೀ ಪುಸ್ತಕವನ್ನು ಚಿಕ್ಕದಾಗಿಸಿ, ಕನ್ನಡದಲ್ಲಿ ಕೊಡುತ್ತಿದ್ದರು. ನನ್ನ ವಯಸ್ಸಿನ ಎಷ್ಟೋ ಜನ ಪರದೇಶದ ಪುಸ್ತಕಗಳನ್ನು ಮೊದಲು ನೋಡಿದ್ದೇ ಅಲ್ಲಿ, ಸಲೂನಿನ ಬೆಂಚಿನ ಮೇಲೆ.

ಮೊದಲ ತಿಂಗಳ ಲೆಕ್ಕ

ಹುಡುಗನಿಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು. ಮೊದಲ ವಾರ 'ಹಂಸಗೀತೆ' ಮತ್ತು 'ನೈಟ್‌ಫಾಲ್'. ಎರಡನೇ ವಾರ ಬ್ರಾಡ್‌ಬರಿ, ಜೊತೆಗೆ 'ಕರ್ವಾಲೊ'. ಮೂರನೇ ವಾರ ಫಾಸ್ಟರ್ ಮಾತ್ರ, ಬೇರೇನೂ ಬೇಡ. ನಾಲ್ಕನೇ ವಾರ ಬೋಸ್, ರೊಕೆಯಾ, 'ಟೈಮ್ ಮಷೀನ್'. ಪ್ರತಿ ಭಾನುವಾರ ಸಂಜೆ ನಮ್ಮ ಮನೆಗೆ ಬಂದು ಹೇಳಬೇಕು. ಓದದಿದ್ದರೂ ಬರಬೇಕು.

ಎರಡು ಭಾನುವಾರ ತಪ್ಪಿಸಿದ. ಮೂರನೆಯದಕ್ಕೆ ಬಂದವನು ಕೂರುವ ಮುಂಚೆಯೇ, "ಚಿಕ್ಕಪ್ಪ, ನೆಮೋ ಟಿಪ್ಪುಗೆ ಯಾವ ಕಡೆ ಸಂಬಂಧ?" ಅಂದ. ನನಗೂ ಗೊತ್ತಿಲ್ಲ, ಕೋಟೆ ಮೇಲೆ ಕೂತು ಯೋಚನೆ ಮಾಡೋಣ ಅಂದೆ. ಬರುವ ಭಾನುವಾರ ಆರೂವರೆ ಬಸ್ಸಿಗೆ ಹೋಗುವುದು ಅಂತಾಗಿದೆ. ನೀವೂ ಹೋಗುವುದಾದರೆ ನೀರಿನ ಬಾಟಲಿ ತಗೊಳ್ಳಿ. ತಿಂಡಿ ಪೊಟ್ಟಣವನ್ನು ಚೀಲದ ಒಳಗೇ ಇಡಿ, ಮೇಲೆ ಕೋತಿ ಜಾಸ್ತಿ. ಪುಸ್ತಕವನ್ನೂ ಬಿಡುವುದಿಲ್ಲ ಅವು.